ಎರಡು ಬಕೆಟ್ ನೀರು

ಐಸೋಫ್ತಾಲಿಕ್ ಆಸಿಡ್ ಎಂದರೆ ಬಾಟಲಿಯಲ್ಲಿ ಹೊಗೆಯಾಡುವ ನೀರಲ್ಲ, ಮೂಟೆಯಲ್ಲಿ ಬರುವ ಬಿಳಿ ಪುಡಿ. ನೋಡಲು ಮೈದಾ, ಸ್ವಭಾವದಲ್ಲಿ ಅದನ್ನು ಬೇಯಿಸುವ ಧರ್ಮಪ್ಪ: ಸುಲಭಕ್ಕೆ ಕರಗುವುದಿಲ್ಲ.

ಮಾಚೇನಹಳ್ಳಿಯ ಆ ಸಣ್ಣ ಕಾರ್ಖಾನೆಯಲ್ಲಿ ಅದನ್ನು ಬೇಯಿಸಿ ಪೇಂಟಿಗೆ ಬೇಕಾದ ರಾಳ ಮಾಡುತ್ತಿದ್ದರು. ಬೇಯುತ್ತ ಹೋದಂತೆ ಅದು ನೀರು ಬಿಡುತ್ತದೆ, ಆ ನೀರು ಪಕ್ಕದ ಡ್ರಮ್ಮಿಗೆ ಇಳಿಯುತ್ತದೆ. ಇನ್ನೂರು ಲೀಟರಿನ ಗೆರೆ ಮುಟ್ಟಿತೋ, ರಾಳ ಬೆಂದಂತೆ. ಕೆಮಿಸ್ಟ್ ರಜೆಯಲ್ಲಿದ್ದ. ಈ ಬ್ಯಾಚ್ ಸರಿಯಾಗಿ ಇಳಿಸಿದರೆ ನಾಳೆಯಿಂದ ಕೆಲಸ ಕಾಯಂ ಎಂದು ಮಾಲೀಕ ವೆಂಕಟಾಚಲ ಮಾತು ಕೊಟ್ಟಿದ್ದರು. ಆರು ವರ್ಷದಿಂದ ದಿನಗೂಲಿಯಲ್ಲೇ ಇದ್ದ ಧರ್ಮಪ್ಪ ಬೆಳಗಿನಿಂದ ಡ್ರಮ್ ಕಾಯುತ್ತ ಕೂತ. ಹಾದುಹೋದವರೆಲ್ಲ ಇಣುಕಿ ಸಲಹೆ ಕೊಟ್ಟರು. ಆಫೀಸಿನ ತನುಜಾ ಕಾವು ಹೆಚ್ಚಿಸಿ ಎಂದಳು. ಪ್ಯಾಕಿಂಗಿನ ಮಲ್ಲೇಶ್ ಕಡಿಮೆ ಮಾಡು ಎಂದ. ಧರ್ಮಪ್ಪನ ಪಿತ್ತ ನೆತ್ತಿಗೇರಿತು.

ಊಟ ಮುಗಿಸಿ ಬಂದರೆ ಡ್ರಮ್ಮಿನ ನೀರು ತಗ್ಗಿತ್ತು. ನಲ್ಲಿಯಲ್ಲಿ ನೀರಿಲ್ಲವೆಂದು ವಾಚ್‌ಮನ್ ಶೇಷಪ್ಪ ಅದರಲ್ಲೇ ಎರಡು ಬಕೆಟ್ ಮೊಗೆದು ತನ್ನ ಸ್ಕೂಟರ್ ತೊಳೆಯುತ್ತಿದ್ದ.

"ನನ್ನ ಆರು ವರ್ಷ ತೊಳೆದು ಹಾಕಿದ್ಯಲ್ಲೋ ಮಾರಾಯ. ನನ್ನ ನೀರು ನಂಗೆ ವಾಪಸ್ ತಂದು ಹಾಕು. ಇಲ್ಲಾಂದ್ರೆ ಈ ಗೇಟಲ್ಲಿ ನೀನಿರ್ಬೇಕು, ಇಲ್ಲಾ ನಾನಿರ್ಬೇಕು."

ಬೈದು ಬೈದು ಗಂಟಲು ಒಣಗಿದ ಮೇಲೆ ಧರ್ಮಪ್ಪನ ಬುದ್ಧಿ ಓಡಿತು. ಬಕೆಟ್ಟಿಗೆ ಹದಿನೈದು ಲೀಟರ್, ಎರಡಕ್ಕೆ ಮೂವತ್ತು. ಹಳೆಯ ಗೆರೆ ಒರೆಸಿ ನೂರ ಎಪ್ಪತ್ತಕ್ಕೆ ಹೊಸ ಗೆರೆ ಎಳೆದ. ಟೀ ಕುಡಿದು ಬರುವಷ್ಟರಲ್ಲಿ ನೀರು ಗೆರೆಯ ಹತ್ತಿರವೇ ಬಂದಿತ್ತು. ಬೈದರೆ ಆಸಿಡ್ಡೂ ಮಾತು ಕೇಳುತ್ತದೆ ಎಂದುಕೊಂಡ. ಗೆರೆ ಮುಟ್ಟಿದ್ದೇ ತಡ, ಕಾವು ನಿಲ್ಲಿಸಿ ಥಿನ್ನರ್ ಬೆರೆಸಿದ. ಥಿನ್ನರ್ ಬಿದ್ದ ಮೇಲೆ ಆ ರಾಳವನ್ನು ಮತ್ತೆ ಬೇಯಿಸುವಂತಿಲ್ಲ.

ವೆಂಕಟಾಚಲ ಬಂದು ಗೆರೆಯ ಕಥೆಯನ್ನೆಲ್ಲ ಕೇಳಿ, ಕೆಮಿಸ್ಟಿಗೂ ಇಷ್ಟು ತಲೆಯಿಲ್ಲ ಎಂದು ಕೈ ಕುಲುಕಿದರು. ಬೆಳಗಿನಿಂದ ಮೊದಲ ಸಲ ಧರ್ಮಪ್ಪನ ಮುಖ ಅರಳಿತು. ಮೂಲೆಯಲ್ಲಿ ಮುದುಡಿ ನಿಂತಿದ್ದ ಶೇಷಪ್ಪನನ್ನು ಕಂಡು ಅಯ್ಯೋ ಅನ್ನಿಸಿತು.

"ಸಿಟ್ಟಲ್ಲಿ ಏನೇನೋ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡ."

"ತಪ್ಪು ನಂದೇ ಅಲ್ವಾ ಅಣ್ಣ," ಎಂದ ಶೇಷಪ್ಪ, ಎದೆಯ ಭಾರ ಇಳಿದವನಂತೆ. "ಅದಕ್ಕೇ ನೀವು ಟೀಗೆ ಹೋದಾಗ ಪಕ್ಕದ ಶೆಡ್ಡಿಂದ ಎರಡು ಬಕೆಟ್ ಹೊತ್ತು ತಂದು ಡ್ರಮ್ಮಿಗೆ ಸುರಿದೆ. ಒಂದು ತೊಟ್ಟೂ ಕಮ್ಮಿ ಹಾಕಿಲ್ಲ, ತಾಯಾಣೆ."

ಇನ್ನೂ ಮೂವತ್ತು ಲೀಟರ್ ನೀರು ಬಿಡಬೇಕಿದ್ದ ಹಸಿ ರಾಳ ಒಳಗೆ ತಣ್ಣಗೆ ಕೂತಿತ್ತು. ವೆಂಕಟಾಚಲ ಇನ್ನೂ ಹಿಡಿದಿದ್ದ ಕೈಯನ್ನು ಬಿಟ್ಟು ಕಾರಿನತ್ತ ನಡೆದರು. ಧರ್ಮಪ್ಪ ಬೈಯಲು ಬಾಯಿ ತೆರೆದ. ಕೇಳಿದ್ದನ್ನೇ ತಂದುಕೊಟ್ಟವನನ್ನು ಏನೆಂದು ಬೈಯುವುದು?