ಆರು ಹಾಸಿಗೆಯ ಪರೀಕ್ಷೆ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಚುನಾವಣೆಗೆ ನಿಲ್ಲುವವರು ಯಾರಿಗೂ ಹೆದರುವುದಿಲ್ಲ ಎಂದು ನೀವು ತಿಳಿದಿದ್ದರೆ, ನೀವು ನಮ್ಮ ಅತ್ಯಾನನ್ನು ನೋಡಿಲ್ಲ ಎಂದೇ ಅರ್ಥ. ಎದುರು ಪಕ್ಷ, ಸ್ವಪಕ್ಷ, ಠೇವಣಿ ಹೋಗುವ ಭಯ ಇವೆಲ್ಲವನ್ನೂ ಗೆದ್ದ ಎಂಥೆಂಥ ಧೀರರು ಅವಳ ಮೆಟ್ಟಿಲ ಬುಡದಲ್ಲಿ ನಿಂತು, ‘ಮೇಲಿನ ಕಾಕು ಮನೆಯಲ್ಲಿದ್ದಾರಾ?’ ಎಂದು ವಿಚಾರಿಸಿ, ಇದ್ದಾರೆ ಎಂದು ತಿಳಿದೊಡನೆ ಕರಪತ್ರವನ್ನು ಕೆಳಗಿನ ಮನೆಯಲ್ಲೇ ಕೊಟ್ಟು ಕಾಲ್ತೆಗೆದಿದ್ದಾರೆ!

ಅತ್ಯಾ ಎಂದರೆ ನನ್ನ ತಂದೆಯ ತಂಗಿ; ಅಲ್ಲಿನ ಮರಾಠಿಯವರಿಗೆ ‘ಕಾಕು’, ಅಂದರೆ ಚಿಕ್ಕಮ್ಮ. ಮದುವೆಯಾಗಿ ಧಾರವಾಡದಿಂದ ಡೊಂಬಿವಲಿಗೆ ಬಂದವಳು. ಅವಳ ಗಂಡ, ನಮ್ಮ ಮಾಮಾ, ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಬಣ್ಣದ ಕಾರ್ಖಾನೆಯಲ್ಲಿದ್ದರು. ಮನೆ ಎಂದರೆ ಒಂದು ಖೋಲಿ, ಅಂದರೆ ಒಂದೇ ಕೋಣೆ, ಮತ್ತೆ ಒಂದು ಅಡಿಗೆಮನೆ. ಹಳೆಯ ಬಾಡಿಗೆ ಕಟ್ಟಡದ ಎರಡನೆಯ ಮಹಡಿ. ಸಂಡಾಸು ಹೊರಗಿನ ಗ್ಯಾಲರಿಯ ತುದಿಗೆ. ಪ್ರತಿ ಮಳೆಗಾಲಕ್ಕೆ ಮುಂಚೆ ಪಾಲಿಕೆಯವರು ಬಂದು ‘ಅಪಾಯಕಾರಿ ಕಟ್ಟಡ’ ಎಂಬ ನೋಟೀಸು ಅಂಟಿಸುತ್ತಿದ್ದರು. ಮಳೆಗೆ ನೋಟೀಸು ಉದುರುತ್ತಿತ್ತು, ಕಟ್ಟಡ ಉಳಿಯುತ್ತಿತ್ತು. ಇದರಲ್ಲಿ ನಗುವಂಥದ್ದು ಅಷ್ಟೇ. ಕಟ್ಟಡ ಕೆಡವಿದರೆ ಬಾಡಿಗೆದಾರರಿಗೆ ಮತ್ತೆ ಅಲ್ಲೇ ಮನೆ ಸಿಗುತ್ತದೆಯೇ, ಇಲ್ಲ ಮಾಲೀಕ ಕೈಯೆತ್ತಿಬಿಡುತ್ತಾನೆಯೇ ಎಂಬುದು ಯಾರಿಗೂ ತಿಳಿದಿರಲಿಲ್ಲ. ಇದ್ದರೆ ಛಾವಣಿ ಮೈಮೇಲೆ ಬೀಳುವ ಭಯ, ಬಿಟ್ಟರೆ ತಾವೇ ಬೀದಿಗೆ ಬೀಳುವ ಭಯ. ಹಾಗಾಗಿ ಮತ ಕೇಳಲು ಬಂದವರ ಹತ್ತಿರ ಅತ್ಯಾ ರಸ್ತೆ, ಗಟಾರ, ಬೀದಿದೀಪ ಯಾವುದನ್ನೂ ಎತ್ತುತ್ತಿರಲಿಲ್ಲ. ಅವಳ ವಿಷಯ ಒಂದೇ, ಮನೆ.

ಪರೀಕ್ಷೆ ನಡೆಯುತ್ತಿದ್ದುದು ಹೀಗೆ. ಅಭ್ಯರ್ಥಿ ಕೈಮುಗಿದು ಒಳಗೆ ಬರುತ್ತಾನೆ. ಅತ್ಯಾ ನೀರು ಕೊಡುತ್ತಾಳೆ, ಹಚ್ಚಿದ ಅವಲಕ್ಕಿ ಕೊಡುತ್ತಾಳೆ. ಅವನು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆಗಳನ್ನು ತಂದು ಅವನ ಮುಂದೆ ಹಾಕುತ್ತಾಳೆ.

“ಎಲ್ಲಾರಿಗೂ ಮನಿ ಕೊಡ್ತೀನಿ ಅಂತ ಬರದೀರಲ್ಲ, ಮೊದಲ ಈ ಮನ್ಯಾಗ ಆರು ಮಂದಿಗೆ ಹಾಸಿಗಿ ಹಾಸಿ ತೋರಸ್ರಿ.”

ಇದೆಲ್ಲ ನಡೆಯುತ್ತಿದ್ದುದು ಮರಾಠಿಯಲ್ಲಿ. ಆದರೆ ಅತ್ಯಾನ ಮರಾಠಿ ಧಾರವಾಡವನ್ನು ಬಳಸಿಕೊಂಡೇ ಬರುತ್ತಿದ್ದುದರಿಂದ, ನಾನು ಅದನ್ನು ಕನ್ನಡದಲ್ಲಿ ಬರೆದರೆ ಹೆಚ್ಚಿನ ವ್ಯತ್ಯಾಸವೇನೂ ಆಗುವುದಿಲ್ಲ.

ಮೊದಲು ಸಿಕ್ಕಿಬಿದ್ದವರು ಆಗಿನ ನಗರಸೇವಕರು, ಅಂದರೆ ಆ ವಾರ್ಡಿನ ಪಾಲಿಕೆ ಸದಸ್ಯರು. ಅಂದು ಭಾನುವಾರ, ನಾನೂ ಅಲ್ಲೇ ಇದ್ದೆ. ಒಳ್ಳೆಯ ಗಾತ್ರದ ಮನುಷ್ಯ, ನಗುನಗುತ್ತಲೇ ಗೋಡೆಯಿಂದ ಗೋಡೆಗೆ ಹಾಸುತ್ತ ಬಂದರು. ಕೊನೆಯ ಹಾಸಿಗೆ ಬಾಗಿಲಿಗೆ ಗಟ್ಟಿಯಾಗಿ ಒತ್ತಿ ಕೂತಿತು. ಬಾಗಿಲೋ, ಒಳಗೆ ತೆರೆಯುವಂಥದು! ಹೊರಗೆ ಕಾರ್ಯಕರ್ತರು “ವಿಜಯ ಅಸೋ” ಎಂದು ಜಯಕಾರ ಕೂಗುತ್ತಿದ್ದಾರೆ, ಒಳಗೆ ನಾಯಕರು ತಾವೇ ನಿಂತ ಹಾಸಿಗೆಯನ್ನು ಎಳೆಯುತ್ತಿದ್ದಾರೆ.

“ನಮ್ಮ ಅತ್ತಿ ರಾತ್ರಿ ನಡುವ ಎದ್ದು ಹೊರಗ ಹೋಗಬೇಕಂದ್ರ?” ಎಂದು ಅತ್ಯಾ ಕೇಳಿದಳು. ನಾಯಕರಿಗೆ ತಾವು ಹೊರಗೆ ಹೋಗುವುದೇ ದೊಡ್ಡದಾಗಿತ್ತು.

ಐದು ವರ್ಷದ ನಂತರ ಬಂದವರು ಕೋಟು ಹಾಕಿದ ಯುವಕರು. ಅವರು ಹಾಸಿಗೆ ಮುಟ್ಟಲೇ ಇಲ್ಲ. ಕಲ್ಯಾಣದಾಚೆ ಟೌನ್‌ಶಿಪ್ ಬರುತ್ತದೆ, ಈಜುಕೊಳ ಬರುತ್ತದೆ, ಐದೇ ವರ್ಷ ತಾಳಿಕೊಳ್ಳಿ ಎಂದರು. “ಅಲ್ಲೀತನಕಾ ನಿಂತ ಮಲಗೂದೇನು?” ಎಂದಳು ಅತ್ಯಾ. ಇನ್ನೊಬ್ಬ ಅಭ್ಯರ್ಥಿ ಮಾತ್ರ ಬಹಳ ಹೊತ್ತು ಯೋಚಿಸಿ, “ಇಬ್ಬರನ್ನು ರಾತ್ರಿಪಾಳಿಗೆ ಕಳಿಸಿದರೆ ಜಾಗ ಆಗುತ್ತದೆ” ಎಂದರು. ಅವರಿಗೆ ಅರ್ಧ ಅಂಕ ಸಿಕ್ಕಿತು. ಯಾಕೆಂದರೆ ಮಾಮಾನ ಪಾಳಿ ಬದಲಾದಾಗಲೆಲ್ಲ ನಿಜವಾಗಿ ಆಗುತ್ತಿದ್ದುದು ಅದೇ.

“ಬಂದವರನ್ನೆಲ್ಲ ಫೇಲ್ ಮಾಡ್ತೀಯಲ್ಲ” ಎಂದು ನಾನು ಒಮ್ಮೆ ಅಂದೆ.

“ಅವರದೇನ್ ತಗೊಂಡೀಪಾ,” ಎಂದರು ಮೂಲೆಯಿಂದ ಮಾಮಾ, “ನನಗ ಇನ್ನೂ ಪಾಸ್ ಮಾಡಿಲ್ಲ ಇಕಿ.”

ಕಟ್ಟಡದವರಿಗೆ ಇದು ನಗೆಯ ವಿಷಯವಾಗಿ ಉಳಿಯಲಿಲ್ಲ. ಕೆಳಗಿನ ಮನೆಯ ಕುಂದಾಪುರದ ಶೆಟ್ಟರು ಮೇಲೆ ಬಂದು, “ನೀವು ಹೀಗೆ ಓಡಿಸ್ತಾ ಹೋದ್ರೆ ನಾಳೆ ಕಟ್ಟಡ ಬಿದ್ರೆ ನಮ್ಮನ್ನ ಎತ್ಲಿಕ್ಕೂ ಯಾರೂ ಬರುದಿಲ್ಲ ಮಾರಾಯ್ರೆ” ಎಂದರು.

“ಮೆಟ್ಟಲಾ ಹತ್ತಲಾರದಾಂವ ಎತ್ತಲಿಕ್ಕೆ ಬರ್ತಾನೇನ್ರಿ?” ಎಂದಳು ಅತ್ಯಾ. ಶೆಟ್ಟರು ಅವಲಕ್ಕಿ ತಿಂದು ಹೋದರು.

ಮುಂದಿನ ಸಲ ಆ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಒಬ್ಬ ಹೆಣ್ಣುಮಗಳು ಒಬ್ಬಳೇ ಮೆಟ್ಟಿಲು ಹತ್ತಿ ಬಂದಳು. ಪಕ್ಕದ ಚಾಳಿನಲ್ಲಿ, ಅಂದರೆ ವಠಾರದಲ್ಲಿ, ಮಕ್ಕಳಿಗೆ ಟ್ಯೂಷನ್ ಹೇಳುವವಳು, ಪಕ್ಷಗಿಕ್ಷ ಏನೂ ಇಲ್ಲ. ಹಾಸಿಗೆ ಮುಂದೆ ಬಂದಾಗ ಅವಳು ಅದನ್ನು ಬಿಚ್ಚಲಿಲ್ಲ.

“ಮನೆಯಲ್ಲಿ ನೀವಿಬ್ಬರೇ ಕಾಣ್ತೀರಿ. ಆರು ಜನ ಯಾರ್ಯಾರು ಕಾಕು?”

ಇಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಅತ್ಯಾ ಬೆರಳು ಮಡಚುತ್ತ ಹೇಳಿದಳು. ತಾನು, ಮಾಮಾ, ತೀರಿಹೋದ ಅವಳ ಅತ್ತೆ, ಪುಣೆಗೆ ಹೋದ ಮಗ, ಮದುವೆಯಾದ ಮಗಳು.

“ಆರನೆಯವರು?”

“ಅಂವಾ ಊರಿಂದ ಬರಾಂವ. ಇವತ್ತಿಲ್ಲಾ, ನಾಳೆ ಯಾರರ ಬಂದಾರು.”

ಆಕೆ ಹಾಸತೊಡಗಿದಳು. ಅತ್ತೆಯನ್ನು ಬಾಗಿಲ ಹತ್ತಿರ, ಆದರೆ ಬಾಗಿಲು ತೆರೆಯುವಷ್ಟು ಬಿಟ್ಟು. ಮೊದಲು ಏಳುವ ಅತ್ಯಾನನ್ನು ಅಡಿಗೆಮನೆಯ ಕಡೆಗೆ. ಊರಿಂದ ಬಂದವನನ್ನು ಕಿಟಕಿಯ ಕೆಳಗೆ, ಬೆಳಿಗ್ಗೆ ನೀರು ಹಿಡಿಯುವಾಗ ಅವನನ್ನು ಎಬ್ಬಿಸಬೇಕಾಗಬಾರದು ಎಂದು. ಅಲ್ಲಿ ಕಪಾಟು ಅಡ್ಡ ಬಂತು.

“ಇವರು ಕಾಲು ಮಡಚಿಯೇ ಮಲಗಬೇಕು. ಈ ಮನೆಯಲ್ಲಿ ಇದಕ್ಕಿಂತ ಹೆಚ್ಚು ನನ್ನಿಂದ ಆಗಲ್ಲ.”

“ಕೆಡವಿದ್ರ ನಮಗ ಇಲ್ಲೇ ಮನಿ ಸಿಗತದೇನು?”

“ಸಿಕ್ಕೇ ಸಿಗುತ್ತೆ ಅಂತ ಆಣೆ ಮಾಡೋಕಾಗಲ್ಲ ಕಾಕು. ಆದರೆ ಕೆಡವೋ ಮೊದಲು ಒಂದೊಂದು ಖೋಲಿಯನ್ನೂ ಪಾಲಿಕೆಯವರಿಂದ ಅಳೆಸಿ, ಮಾಲೀಕರ ಸಹಿ ಹಾಕಿಸೋಣ. ಅಳೆಯುವಾಗ ಟೇಪಿನ ಇನ್ನೊಂದು ತುದಿ ನೀವು ಹಿಡೀರಿ.”

ಅತ್ಯಾ ಎರಡನೇ ಸಲ ಅವಲಕ್ಕಿ ಬಡಿಸಿದಳು. ನಮ್ಮಲ್ಲಿ ಅದಕ್ಕೆ ಪಾಸ್ ಎನ್ನುತ್ತಾರೆ! ಮರುದಿನದಿಂದ ಆಕೆಯ ಪರವಾಗಿ ಮನೆಮನೆ ತಿರುಗಿ ಪ್ರಚಾರ ಮಾಡಿದವಳೂ ಅತ್ಯಾನೇ. ಆ ಹುಡುಗಿ ಕೂದಲೆಳೆಯ ಅಂತರದಲ್ಲಿ ಗೆದ್ದಳು, ಗೆದ್ದ ಮೇಲೆ ಮೆಟ್ಟಿಲನ್ನು ಮರೆಯಲಿಲ್ಲ. ಅಳತೆಯ ದಿನ ಅತ್ಯಾ ಟೇಪನ್ನು ಎಳೆದ ಎಳೆತಕ್ಕೆ ಪಾಲಿಕೆಯ ಎಂಜಿನಿಯರು, “ಕಾಕು, ಎಷ್ಟು ಎಳೆದರೂ ಗೋಡೆ ಹಿಂದೆ ಸರಿಯೋದಿಲ್ಲ” ಎಂದು ಬೇಡಿಕೊಂಡರಂತೆ. ಮಾಲೀಕ ಗೊಣಗುತ್ತ ಸಹಿ ಹಾಕಿದ. ಕಟ್ಟಡವನ್ನು ಕೆಡವಿದರು. ಅತ್ಯಾ ಮಾಮಾ ಅಂಬರನಾಥದಲ್ಲಿ ಬಾಡಿಗೆಗೆ ಹೋದರು. ಅಲ್ಲೇ ಎದ್ದ ಹೊಸ ಕಟ್ಟಡದ ಕೆಲಸ ನಡುವೆ ನಿಂತಿತು, ಆ ಹುಡುಗಿ ಓಡಾಡಿದಳು, ಮತ್ತೆ ಶುರುವಾಯಿತು.

ಹೋದ ದೀಪಾವಳಿಯ ಹೊತ್ತಿಗೆ ಅತ್ಯಾ ಫೋನ್ ಮಾಡಿ, “ಮನಿ ನೋಡಾಕ ಬಾ” ಎಂದಳು. ಈಗ ನಾನಿರುವ ಖಾರಘರದಿಂದ ಹೋದೆ. ಮುಂಬಾಗಿಲು ಕೂರಿಸಿರಲಿಲ್ಲ, ಬಣ್ಣ ಬಳಿದಿರಲಿಲ್ಲ, ಆದರೆ ಗೋಡೆಗಳಿದ್ದವು. ಖೋಲಿಯ ಜೊತೆಗೆ ಮಲಗಲು ಒಂದು ಕೋಣೆ, ಸಂಡಾಸು ಮನೆಯೊಳಗೇ. ಮಾಮಾ ಅದರ ಚಿಲಕವನ್ನೇ ಹಾಕಿ ತೆಗೆದು ನೋಡುತ್ತಿದ್ದರು. ಅತ್ಯಾ ಕಿಟಕಿಯ ಕೆಳಗೆ ತನ್ನ ಹಳೆಯ ಶಾಲು ಹಾಸಿದಳು.

“ಮಲಕೋ ಇಲ್ಲೆ.”

“ಇದೇನತ್ಯಾ, ಈಗ ನೀವಿಬ್ಬರೇ ಅಲ್ಲೇನು?”

“ಮಲಕೋ ಅಂದ್ರ ಮಲಕೋ.”

ಮಲಗಿದೆ. ಧಾರವಾಡದಿಂದ ಒಂದು ಚೀಲ ಹಿಡಿದು ಕೆಲಸ ಹುಡುಕಿಕೊಂಡು ಬಂದಾಗ ನಾನು ಮಲಗುತ್ತಿದ್ದುದು ಅವಳ ಆ ಹಳೆಯ ಮನೆಯಲ್ಲೇ. ಕೆಲಸ ಸಿಕ್ಕಿ, ಸಂಬಳ ಬಂದು, ನಾನು ಬೇರೆ ಮನೆ ಮಾಡುವವರೆಗೂ ಕಪಾಟಿಗೆ ಕಾಲು ತಾಗದಂತೆ ಮಡಚಿಕೊಂಡೇ ನಿದ್ದೆ ಮಾಡಿದೆ. ಒಂದು ದಿನವೂ ಅವಳು ‘ಯಾವಾಗ ಹೋಗ್ತೀ’ ಎಂದು ಕೇಳಲಿಲ್ಲ. ನನಗೆ ಆ ದಿನಗಳು ಮರೆತಂತಾಗಿದ್ದವು, ಅವಳಿಗೆ ಮರೆತಿರಲಿಲ್ಲ.

“ಕಾಲ್ ಚಾಚು,” ಎಂದಳು ಅತ್ಯಾ. “ಏನರ ತಾಗ್ತದೇನು?”

ಪೂರ್ತಿ ಚಾಚಿದೆ.

“ಇಲ್ಲ ಅತ್ಯಾ. ಏನೂ ತಾಗೂದಿಲ್ಲ.”

“ಹಂಗಾರ ಆತು,” ಎಂದು ಅವಳು ನನ್ನ ಪಕ್ಕದಲ್ಲೇ ನೆಲದ ಮೇಲೆ ಕೂತುಕೊಂಡಳು. “ಇನ್ನ ಊರಿಂದ ಯಾರರ ಬರ್ಲಿ.”