ಗೋಡೆ ಹೊತ್ತ ಭಾವ

ನಮ್ಮ ಅಕ್ಕನ ಗಂಡ ಒಂದು ಕಡೆ ನೆಟ್ಟಗೆ ಕುಳಿತಿದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ! ನಾನಂತೂ ಕಂಡಿಲ್ಲ. "ಇವ್ರಿಗೆ ಸಾಗರದಲ್ಲಿ ಕಾಪಿ ಕೊಟ್ರೆ ಲೋಟ ಹೊಸನಗರದಲ್ಲಿ ಸಿಗ್ತದೆ!" ಎಂದು ಅಕ್ಕ ಗೊಣಗುತ್ತಿದ್ದಳು.

ಭಾವ ಕಲಾವಿಮರ್ಶಕರು. ಅತ್ತೆಮನೆಯ ದೋಸೆ ನೋಡಿದರೂ "ರೇಖೆ ದುರ್ಬಲ" ಎನ್ನುವ ಮನುಷ್ಯ! ಸಾಲದ್ದಕ್ಕೆ ಒಂದು ಕಲಾಪತ್ರಿಕೆಯ ಸಂಪಾದಕರು. ಅರವತ್ತರ ದಶಕದಲ್ಲಿ, ನಮ್ಮ ಕಡೆ! ಬರೆಯುವುದು ಸಾಗರದಲ್ಲಿ, ಕರಡು ತಿದ್ದುವುದು ಬಸ್ಸಿನಲ್ಲಿ, ಅಚ್ಚಾಗುವುದು ತೀರ್ಥಹಳ್ಳಿಯಲ್ಲಿ. ಒಮ್ಮೆ ಇಡೀ ಸಂಪಾದಕೀಯ ಬಸ್ಸಿನ ಕಿಟಕಿಯಿಂದ ಆನಂದಪುರದ ಗದ್ದೆಗೆ ಹಾರಿಹೋಯಿತು. ಆ ಸಂಚಿಕೆ ಬಹಳ ಚೆನ್ನಾಗಿತ್ತೆಂದು ಚಂದಾದಾರರು ಮೆಚ್ಚಿ ಬರೆದರು. ಚಿತ್ರ ಅಚ್ಚು ಹಾಕಲು ಬ್ಲಾಕು ಮಾಡುವವರು ಊರಲ್ಲಿರಲಿಲ್ಲವಾದ್ದರಿಂದ ಕಲಾಪತ್ರಿಕೆಯಲ್ಲಿ ಒಂದೇ ಒಂದು ಚಿತ್ರವೂ ಇರುತ್ತಿರಲಿಲ್ಲ.

ಲಿಂಗನಮಕ್ಕಿಯ ಅಣೆಕಟ್ಟು ಏಳುತ್ತಿದ್ದ ಕಾಲ. ಮುಳುಗಲಿದ್ದ ಊರೊಂದಕ್ಕೆ ಭಾವ ನನ್ನನ್ನೂ ಎಳೆದುಕೊಂಡು ಹೋದರು. ಅಲ್ಲೊಬ್ಬ ರೈತ ಹೆಂಗಸು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಗೆರೆಗಳಲ್ಲಿ ಹಸೆ ಚಿತ್ತಾರ ಬರೆದಿದ್ದರು. ಮದುವೆಯಲ್ಲಿ ಹೆಣ್ಣುಗಂಡನ್ನು ಕೂರಿಸುವುದು ಅದರ ಮುಂದೆಯೇ.

"ಮಗಳ ಮದ್ವೆ ನಿಶ್ಚಯ ಆಗೈತೆ. ಅಷ್ಟ್ರೊಳಗೆ ಮನೆ ಬಿಡ್ಬೇಕು. ಗೋಡೆ ಹೊತ್ಕಂಡ್ ಹೋಗಾಕಾಗ್ತದಾ, ಅಯ್ಯ?" ಎಂದು ಆಕೆ ಕಣ್ಣೊರೆಸಿಕೊಂಡರು.

"ನಾನು ಹೊತ್ಕೊಂಡ್ ಬರ್ತೀನಿ!" ಎಂದುಬಿಟ್ಟರು ಭಾವ. ಮಾತು ಕೊಡುವುದರಲ್ಲೂ ಅವಸರವೇ! ಚಿತ್ತಾರವನ್ನು ಕಾಗದಕ್ಕೆ ಇಳಿಸುವ ಕೆಲಸ ನನ್ನ ಪಾಲಿಗೆ ಬಂತು. ಅಷ್ಟು ಹೊತ್ತೂ ಅವರು ಅಂಗಳ ಸುತ್ತುತ್ತಿದ್ದರು.

ಸಾಗರದಲ್ಲಿ ಗಂಧದ ಕೆತ್ತನೆ ಮಾಡುವ ಗುಡಿಗಾರರೊಬ್ಬರ ಕೈಗೆ ಆ ಕಾಗದ ತುರುಕಿ, ಪತ್ರಿಕೆಯ ಹೆಸರಿನ ಸಮೇತ ಮುಖಪುಟಕ್ಕೆ ಮರದ ಅಚ್ಚು ಕೆತ್ತಲು ಹೇಳಿ ಭಾವ ಬಸ್ಸಿಗೆ ಓಡಿದರು. ಅಚ್ಚು ಸಿದ್ಧವಾಯಿತು. ತೀರ್ಥಹಳ್ಳಿಯ ಮುದ್ರಣಾಲಯದಲ್ಲಿ "ಹೊಡೀರಿ, ಹೊಡೀರಿ, ಬಸ್ ಬಂತು!" ಎಂದು ಮತ್ತೆ ಓಡಿದರು. ಪ್ರತಿಗಳು ಬಂದಾಗ ನೋಡುತ್ತೇವೆ: ಚಿತ್ತಾರ ಸರಿಯಾಗಿದೆ, ಅದರ ಎಡಬಲ ಒಂದೇ ತಾನೆ? ಪತ್ರಿಕೆಯ ಹೆಸರನ್ನು ಮಾತ್ರ ಕನ್ನಡಿ ಹಿಡಿದು ಓದಬೇಕು!

"ಅಕ್ಷರ ಉಲ್ಟಾ ಕೆತ್ಬೇಕು ಅಂತ ನೀವು ಹೇಳ್ಲೇ ಇಲ್ವಲ್ಲ!" ಎಂದರು ಗುಡಿಗಾರರು.

"ಹೇಳೋಷ್ಟು ಹೊತ್ತು ನಾನೆಲ್ಲಿ ನಿಂತಿದ್ದೆ!" ಎಂದರು ಭಾವ.

ಸಾಗರದಿಂದ ತೀರ್ಥಹಳ್ಳಿಯವರೆಗೆ ಜನ ಬಿದ್ದು ಬಿದ್ದು ನಕ್ಕರು. ಭಾವ ಮಾತ್ರ ಒಂದು ಪ್ರತಿ ಎತ್ತಿಕೊಂಡು, ನನ್ನನ್ನೂ ಕರೆದುಕೊಂಡು ಹೊಸನಗರದ ಬಸ್ಸು ಹತ್ತಿದರು. ಚಿತ್ತಾರ ಬರೆದಿದ್ದ ಆ ಹೆಂಗಸಿನ ಕುಟುಂಬ ಮನೆ ಬಿಟ್ಟು ಈಗ ಅಲ್ಲೇ ಹತ್ತಿರ ಬಿದಿರು ತಟ್ಟಿಯ ಬಿಡಾರದಲ್ಲಿತ್ತು. ಅಂದೇ ಮದುವೆ. ಚಿತ್ತಾರ ಬರೆಯೋಣವೆಂದರೆ ಅಲ್ಲಿ ಗೋಡೆಯೇ ಇಲ್ಲ!

ಆಕೆ ಮುಖಪುಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಉಲ್ಟಾ ಅಕ್ಷರದ ಕಡೆ ನೋಡಲೂ ಇಲ್ಲ. ಗಂಜಿ ಹಚ್ಚಿ ತಟ್ಟಿಗೆ ಅಂಟಿಸಿ, ಅರಿಶಿನ ಕುಂಕುಮ ಇಟ್ಟು, ಮಗಳನ್ನೂ ಅಳಿಯನನ್ನೂ ಅದರ ಮುಂದೆ ಕೂರಿಸಿದರು. ಆಮೇಲೆ ಭಾವನ ಕಡೆ ತಿರುಗಿ, "ನಮ್ ಗೋಡೆ ಬಂತಲ್ಲ, ಅಯ್ಯ" ಅಂದರು.

ಭಾವ ಹೆಗಲ ಟವೆಲ್ಲಿಗೆ ಮುಖ ಒತ್ತಿಕೊಂಡು ಮಕ್ಕಳ ಹಾಗೆ ಅತ್ತುಬಿಟ್ಟರು. ಆ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಅದಕ್ಕೆ ಮುಂಚೆ ಎಂದೂ ಉಕ್ಕಿರಲಿಲ್ಲ.