ಮೊಮ್ಮಗಳ ಹಳೇ ಫೋನು ಮತ್ತು ಜರ್ಮನಿಯ ಬಚ್ಚಲಮನೆ

ಪರದೇಶಕ್ಕೆ ಓದಲು ಹೋಗುವ ಮಕ್ಕಳಿಗೆ ಉಪಯೋಗವಾಗುವ ಆ್ಯಪ್‌ಗಳು ಬಹಳ ಇವೆ ಎಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಅವೇ ಆ್ಯಪ್‌ಗಳು ಊರಲ್ಲಿ ಕುಳಿತ ಮುದುಕಿಯ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ಮಾತ್ರ ಯಾರೂ ಹೇಳುವುದಿಲ್ಲ. ಜರ್ಮನಿಯಲ್ಲಿ ಪಾಠ ಕೇಳುತ್ತ ಕುಳಿತ ಒಬ್ಬ ಹುಡುಗಿಯನ್ನು ಮಾಸ್ತರರು ಹೊರಗೆ ಹಾಕುತ್ತಾರೆ, ಅದು ಆಗುತ್ತದೆ. ಆ ಹುಡುಗಿಯ ಹೆಸರು ಮಾರ್ಥಾ. ಹಾಕಿಸಿದವಳು ನಾನು. ಬೈಲಹೊಂಗಲದ ನಮ್ಮ ಮನೆಯ ಪಡಸಾಲೆಯಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತು ಈ ಕೆಲಸ ಮಾಡಿದೆ. ಗೊತ್ತಿಲ್ಲದೆ ಆಯಿತು ಎಂದು ಮನೆಯವರೆಲ್ಲ ನನ್ನ ಪರವಾಗಿ ಹೇಳುತ್ತಿದ್ದಾರೆ. ಗೊತ್ತಿದ್ದೇ ಮಾಡಿದೆ.

ನನ್ನ ಮೊಮ್ಮಗಳು ಅಕ್ಷತಾ ಬೀಜಗಳ ಬಗ್ಗೆ ಓದಲು ಜರ್ಮನಿಗೆ ಹೋಗಿದ್ದಾಳೆ. ಬೀಜದ ಬಗ್ಗೆ ತಿಳಿಯಲು ಅಷ್ಟು ದೂರ ಯಾಕೆ, ಸಂಗೊಳ್ಳಿಯಲ್ಲಿ ನಮ್ಮ ಹೊಲವಿಲ್ಲವೇ ಎಂದು ಒಂದು ಸಲ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲವಾದ್ದರಿಂದ ಎರಡನೇ ಸಲ ಕೇಳಲಿಲ್ಲ. ಹೊರಡುವ ಮುಂಚೆ ಅಲ್ಲಿ ಓದುತ್ತಿದ್ದ ಯಾರೋ ಹುಡುಗಿ ಇಂಥಿಂಥ ಆ್ಯಪ್ ಬೇಕಾಗುತ್ತವೆ ಎಂದು ಉದ್ದನೆಯ ಪಟ್ಟಿ ಕಳಿಸಿದಳು. ಇವಳು ಒಂದನ್ನೂ ಬಿಡದೆ ತನ್ನ ಫೋನಿಗೆ ತುಂಬಿಕೊಂಡಳು. ಆ ಮೇಲೆ ಅವಳಪ್ಪ ಹೊಸ ಫೋನು ಕೊಡಿಸಿದ. ಹಳೆಯದನ್ನು ಎಸೆಯುವ ಮನೆತನ ನಮ್ಮದಲ್ಲ. ಅವಳ ಹಳೇ ಸ್ವೆಟರು ನನಗೆ ಬಂದ ಹಾಗೆಯೇ ಹಳೇ ಫೋನೂ ಬಂತು. ಸ್ವೆಟರನ್ನಾದರೂ ಜೇಬು ನೋಡಿ, ಝಾಡಿಸಿ ಕೊಟ್ಟಿದ್ದರು. ಫೋನನ್ನು ಯಾರೂ ಝಾಡಿಸಲಿಲ್ಲ. ಆ್ಯಪ್‌ಗಳೆಲ್ಲ ಅವಳ ಹೆಸರಿನಲ್ಲೇ ಅದರಲ್ಲಿ ಉಳಿದವು. ಅಲ್ಲಿ ಅವಳ ಫೋನು ಕೂಗಿದರೆ ಇಲ್ಲಿ ನನ್ನದೂ ಕೂಗುತ್ತದೆ.

ಹೀಗಾಗಿ ಜರ್ಮನಿಯ ಬಗ್ಗೆ ನನಗೆ ಬೇಡವಾದದ್ದೆಲ್ಲ ತಿಳಿಯುತ್ತದೆ. ನಾನು ರೊಟ್ಟಿ ಮುರಿಯುವ ಹೊತ್ತಿಗೆ ರೈಲಿನ ಚಿತ್ರ, ಆರರ ಅಂಕಿ ತೋರಿಸಿ ಅಲ್ಲಿಯ ರೈಲು ಆರು ನಿಮಿಷ ತಡವೆಂದು ಫೋನು ಒದರುತ್ತದೆ. ರಾಮದುರ್ಗದ ಬಸ್ಸು ಎಷ್ಟು ತಡವೆಂದು ನಮ್ಮ ನಿಲ್ದಾಣದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಅಲ್ಲಿ ಮಳೆ ಬಂದರೆ ಇಲ್ಲಿ ಕೊಡೆಯ ಚಿತ್ರ ಬರುತ್ತದೆ. ನಾನು ಎದ್ದು ಹೋಗಿ ಒಣಹಾಕಿದ ಮೆಣಸಿನಕಾಯಿ ಎತ್ತಿಟ್ಟದ್ದೂ ಉಂಟು. ಅಲ್ಲಿಯ ಭಾಷೆ ಕಲಿಸುವ ಆ್ಯಪ್ ಒಂದಿದೆ. ಅದು ದಿನಾ ಪ್ರಶ್ನೆ ಕೇಳುತ್ತಿತ್ತು. ಕೇಳಿದವರಿಗೆ ಉತ್ತರ ಕೊಡದೆ ಇರುವುದು ಸರಿಯಲ್ಲವೆಂದು ನಾನು ಸಿಕ್ಕಲ್ಲಿ ಒತ್ತಿದೆ. ಮೂರು ತಿಂಗಳಿಂದ ಅವಳು ಗಳಿಸಿದ ಅಂಕಗಳೆಲ್ಲ ಎರಡು ದಿನದಲ್ಲಿ ಹೋದವು. ಅಲ್ಲಿಂದ ಮುಂದೆ ನನಗೆ ಏನನ್ನೂ ಒತ್ತಬಾರದೆಂಬ ಕಟ್ಟಪ್ಪಣೆಯಾಯಿತು.

ಅಕ್ಷತಾ ಇರುವ ಮನೆಯಲ್ಲಿ ಒಟ್ಟು ನಾಲ್ಕು ಹುಡುಗಿಯರು. ಮನೆಗೆಲಸ ಹಂಚಿಕೊಳ್ಳಲು ಅವರಿಗೊಂದು ಆ್ಯಪ್ ಇದೆ. ಅದರಲ್ಲಿ ಕಸಬರಿಗೆ, ಬಚ್ಚಲು, ಒಲೆ, ಕಸದ ಡಬ್ಬಿ ಎಂದು ಚಿತ್ರಗಳು, ಪಕ್ಕದಲ್ಲಿ ಬಣ್ಣದ ಚೌಕಗಳು. ಇಂಗ್ಲಿಷು ನನಗೆ ಬರುವುದಿಲ್ಲ. ಮೂರನೇ ಇಯತ್ತೆಯಲ್ಲಿ ಸಾಲೆ ಬಿಟ್ಟವಳು ನಾನು. ಬಣ್ಣ ನೋಡಿದರೆ ತಿಳಿಯುತ್ತದೆ. ಇದೇನೆಂದು ಒಂದು ದಿನ ಕೇಳಿದೆ.

“ಆಯಿ, ಅದು ನಮ್ಮ ಮನಿ ಪಾಳಿ,” ಎಂದಳು. “ಎಡಕ್ಕ ಇರೂದು ಯಾರ ಪಾಳಿ ಅಂತ, ಬಲಕ್ಕ ಇರೂದು ಯಾರ ಮಾಡಿದ್ರು ಅಂತ. ಹಸರು ನಂದು, ಕೆಂಪು ಮಾರ್ಥಾಂದು. ನೋಡು ಅಷ್ಟ. ಒತ್ತಬ್ಯಾಡ.”

ನೋಡಿದೆ. ಎಡಕ್ಕೆ ನಾಲ್ಕೂ ಬಣ್ಣಗಳಿದ್ದವು. ಬಲಕ್ಕೆ ಮೇಲಿಂದ ಕೆಳಗಿನವರೆಗೆ ಬರೀ ಹಸಿರು, ಮುಂಗಾರಿನ ಹೆಸರುಕಾಳಿನ ಹೊಲದ ಹಾಗೆ.

ಇಂಥದ್ದನ್ನು ಓದಲು ನನಗೆ ಸಾಲೆ ಬೇಕಾಗಿಲ್ಲ. ಸಂಗೊಳ್ಳಿಯ ಕೂಡುಮನೆಯಲ್ಲಿ ನಾವು ಮೂವರು ಸೊಸೆಯರು. ನೀರು ಒಬ್ಬಳಿಗೆ, ರೊಟ್ಟಿ ಒಬ್ಬಳಿಗೆ, ದನದ ಕೊಟ್ಟಿಗೆ ಒಬ್ಬಳಿಗೆ ಎಂದು ಅತ್ತೆ ವಾರದ ಪಾಳಿ ಹಚ್ಚಿದ್ದಳು. ಕೊಟ್ಟಿಗೆಯ ಪಾಳಿ ಬಂದ ವಾರವೇ ನನಗೆ ಹೊಟ್ಟೆನೋವು ಬರುತ್ತಿತ್ತು. ಕಿರಿಯ ನೆಗೆಣ್ಣಿಗೆ ಬಾಯಿ ಇರಲಿಲ್ಲ. ನನ್ನ ಪಾಳಿಯನ್ನೂ ಅವಳೇ ಮಾಡುತ್ತಿದ್ದಳು. ಅವಳು ಈಗಿಲ್ಲ. ಇದ್ದಾಗ ಈ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ.

ಬರೀ ಕೆಲಸದ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಕೆಲಸ ಮಾಡಿ ಯಾರೂ ಸಾಯುವುದಿಲ್ಲ. ಆದರೆ ಅಕ್ಷತಾ ಲೆಕ್ಕದ ಒಂದು ವಿಷಯದಲ್ಲಿ ನಪಾಸಾಗಿದ್ದಳು. ಅಲ್ಲಿ ಒಂದು ವಿಷಯಕ್ಕೆ ಮೂರೇ ಅವಕಾಶವಂತೆ. ಮೂರು ಸಲ ಬಿದ್ದರೆ ಓದು ಅಲ್ಲಿಗೆ ಮುಗಿಯಿತು, ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಬರಬೇಕು. ಎರಡನೇ ಪರೀಕ್ಷೆಗೆ ಐದು ವಾರ ಉಳಿದಿತ್ತು. ಓದಲು ಹೊತ್ತೇ ಸಿಗುವುದಿಲ್ಲ ಎನ್ನುತ್ತಿದ್ದಳು. ಕೈ ತೋರಿಸು ಎಂದರೆ ತೋರಿಸಲಿಲ್ಲ. ಮತ್ತೆ ಗದರಿಸಿದ ಮೇಲೆ ತೋರಿಸಿದಳು. ಬಚ್ಚಲು ತಿಕ್ಕುವ ಔಷಧದಿಂದ ಬೆರಳ ಸಂದುಗಳೆಲ್ಲ ಒಡೆದಿದ್ದವು. ನೂರಾರು ಹೊಸ ಯಂತ್ರಗಳಿರುವ ದೇಶದಲ್ಲಿ ನಮ್ಮ ಹುಡುಗಿಯ ಕೈ ಕೊಟ್ಟಿಗೆಯ ಕೈಯಾಗಿತ್ತು.

ಆ ಆ್ಯಪ್‌ನಲ್ಲಿ ಪ್ರತಿ ಕೆಲಸದ ಪಕ್ಕ ಒಂದು ಸಣ್ಣ ಗಂಟೆ ಇದೆ. ಒತ್ತಿದರೆ ಯಾರ ಪಾಳಿಯೋ ಅವರ ಫೋನು ಕೂಗುತ್ತದೆ. ಇದನ್ನು ನನಗೆ ಯಾರೂ ಹೇಳಿಕೊಡಲಿಲ್ಲ. ಅಕ್ಷತಾಗೆ ಯಾರೋ ಒತ್ತಿದ್ದಕ್ಕೆ ನನ್ನ ಫೋನೂ ಕೂಗಿತ್ತು, ತಿಳಿದುಕೊಂಡೆ. ಮರುದಿನ ಬಚ್ಚಲಿನ ಎದುರು ಕೆಂಪು ಚೌಕ ಬಂತು. ಕೆಂಪೆಂದರೆ ಮಾರ್ಥಾ. ಒಂದಿಷ್ಟು ಅವರೆಕಾಯಿ ಸುಲಿದು ಒಂದು ಸಲ ಒತ್ತಿದೆ. ಇನ್ನೊಂದಿಷ್ಟು ಸುಲಿದು ಇನ್ನೊಂದು ಸಲ. ಮನಸ್ಸಿಗೆ ಬಹಳ ವರ್ಷಗಳಿಂದ ಅಷ್ಟು ಹಿತವಾಗಿರಲಿಲ್ಲ.

ಸಂಜೆ ಅಕ್ಷತಾ ಕರೆ ಮಾಡಿದಳು. “ಆಯಿ, ಗಂಟಿ ಒತ್ತಿದೇನು ನೀ?”

“ಒತ್ತಿದೆ. ಏನಾತು?”

“ಹನ್ನೊಂದ ಸಲ ಆಯಿ! ಮಾರ್ಥಾ ಕ್ಲಾಸಿನ್ಯಾಗ ಕುಂತಿದ್ಲು. ಮಾಸ್ತರ ಸಿಟ್ಟಾಗಿ ಹೊರಗ ಕಳಿಸಿದ್ರಂತ!”

“ಹೊರಗ ಹ್ಯಾಂಗೂ ಬಂದಿದ್ಲಲ್ಲ, ಹಂಗ ಮನಿಗೆ ಹೋಗಿ ಬಚ್ಚಲಾ ತಿಕ್ಕಿದ್ರ ಆಗ್ತಿತ್ತು.”

“ಎಲ್ಲಾ ನನ್ನ ಹೆಸರಲೆ ಹೋಗೇತಿ ಆಯಿ! ನಾನ ಒತ್ತೇನಿ ಅಂತ ತಿಳ್ಕೊಂಡಾರ. ನನ್ನ ಮನಿ ಬಿಡಿಸಿದ್ರ ಎಲ್ಲಿಗೆ ಹೋಗ್ಲಿ ನಾ? ಇಲ್ಲಿ ಖೋಲಿ ಸಿಗೂದು ಎಷ್ಟ ತ್ರಾಸ ಐತಿ, ಗೊತ್ತೇನು ನಿನಗ?”

ಗೊತ್ತಿರಲಿಲ್ಲ. ನನ್ನ ಹೆಸರು ಹೇಳು, ನಾನೇ ಬೈಸಿಕೊಳ್ಳುತ್ತೇನೆ ಎಂದೆ. ಅವಳು ಆ ಮೂವರನ್ನೂ ಕೂಡಿಸಿ, ಒತ್ತಿದ್ದು ನಮ್ಮ ಅಜ್ಜಿ ಎಂದು ಹೇಳಿ ಕ್ಷಮೆ ಕೇಳಿದಳು. ನಾನು ಮಾರ್ಥಾಳಿಂದ ಒಳ್ಳೆಯ ಜಗಳ ನಿರೀಕ್ಷಿಸಿದ್ದೆ, ಅದಕ್ಕೆ ತಯಾರಿಯನ್ನೂ ಮಾಡಿಕೊಂಡಿದ್ದೆ. ಆ ಹುಡುಗಿ ಜಗಳ ಮಾಡಲೇ ಇಲ್ಲ. ಅಜ್ಜಿಗೆ ಯಾಕೆ ಸಿಟ್ಟು ಬಂತು ಎಂದು ಆ ಚೌಕಗಳನ್ನು ತೆಗೆದು ನೋಡಿ, ಮುಖ ಸಣ್ಣದು ಮಾಡಿಕೊಂಡು ಅಕ್ಷತಾಳನ್ನು ಕೇಳಿದಳಂತೆ: “ನೀನು ಎಲ್ಲವನ್ನೂ ಹೇಳುವ ಮೊದಲೇ ಮಾಡಿ ಮುಗಿಸುತ್ತಿದ್ದೆ. ನಿನಗೆ ಇಷ್ಟ ಎಂದುಕೊಂಡೆವು. ಆಗುವುದಿಲ್ಲ ಎಂದು ಒಂದು ದಿನವೂ ಯಾಕೆ ಹೇಳಲಿಲ್ಲ?”

ಬೈದಿದ್ದರೆ ನಾನು ತಿರುಗಿ ಬೈಯಬಹುದಿತ್ತು. ಆ ವಾರ ಚೌಕಗಳ ಬಲಕ್ಕೂ ಕೆಂಪು, ನೀಲಿ, ಹಳದಿ ಕಾಣಿಸಿದವು. ಒಂಬತ್ತು ದಿನ ಹಾಗೆಯೇ ಇತ್ತು. ನಾನು ಓಣಿಯವರಿಗೆಲ್ಲ ಫೋನು ತೋರಿಸಿ, ಇಲ್ಲಿ ಕುಳಿತು ಜರ್ಮನಿ ಸುಧಾರಿಸಿದೆ ಎಂದು ಹೇಳಿಕೊಂಡೆ. ಹತ್ತನೇ ದಿನ ಎರಡು ಹಸಿರು ಬಂದವು. ಪರೀಕ್ಷೆಯ ವಾರಕ್ಕೆ ಮತ್ತೆ ಪೂರಾ ಹೊಲವೇ ಹಸಿರಾಯಿತು. ಗಂಟೆ ಒತ್ತೋಣವೆಂದರೆ ಅಕ್ಷತಾ ಅಲ್ಲಿಂದಲೇ ಅದರ ಬಾಯಿ ಕಟ್ಟಿಸಿದ್ದಳು.

ಎರಡನೇ ಪರೀಕ್ಷೆಯ ಫಲ ಬಂದ ದಿನ ವಿಡಿಯೋ ಕರೆ ಬಂತು. ಸೊಸೆ ಮಹಾದೇವಿ, ಅಂದರೆ ಅಕ್ಷತಾಳ ತಾಯಿ, ನನ್ನ ಹಿಂದೆಯೇ ನಿಂತಿದ್ದಳು. ಕೈಯೆಲ್ಲ ಹಿಟ್ಟಾಗಿತ್ತು.

“ಈ ಸಲಾನೂ ಹೋತು ಆಯಿ,” ಎಂದಳು ಹುಡುಗಿ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. “ಇನ್ನೊಂದ ಸಲ ಉಳೀತು.”

“ಮತ್ತ ಎಲ್ಲಾರ ಪಾಳಿ ನೀನ ಯಾಕ ಮಾಡಾಕ ಹೋದಿ?”

“ಅವ್ರಿಗೂ ಪರೀಕ್ಷಾ ಇದ್ವು. ಇದೊಂದ ವಾರ ಮಾಡತೀ ಏನು ಅಂತ ಕೇಳಿದ್ರು. ಹೂಂ ಅಂದೆ.”

“ಆಗೂದಿಲ್ಲ ಅನ್ನಾಕ ಏನಾಗಿತ್ತ ನಿನಗ? ಬಾಯಾಗ ಕಡಬು ಇತ್ತೇನು?”

ಹುಡುಗಿ ತಿರುಗಿ ನನ್ನನ್ನೇ ಕೇಳಿದಳು: “ಅವ್ವ ಯಾವತ್ತರ ನಿನಗ ಹಂಗ ಅಂದಾಳೇನು ಆಯಿ?”

ಮಹಾದೇವಿ ತೊರಗಲ್ಲಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದು ಇಪ್ಪತ್ತಾರು ವರ್ಷವಾಯಿತು. ಅವಳ ಬಾಯಲ್ಲಿ “ಆತ್ರಿ ಅತ್ತಿ” ಎಂಬುದನ್ನು ಬಿಟ್ಟು ಬೇರೆ ಏನು ಕೇಳಿದ್ದೇನೆ ಎಂದು ನೆನಪು ಮಾಡಿಕೊಂಡೆ. ಬರಲಿಲ್ಲ. ನನಗೆ ಹೊಟ್ಟೆನೋವಿನ ದಾರಿ ಗೊತ್ತಿದ್ದರಿಂದ ಅವಳಿಗೆ ಹೊಟ್ಟೆನೋವು ಬಂದಾಗಲೆಲ್ಲ ನಾನು ನಂಬುತ್ತಿರಲಿಲ್ಲ. ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ಒಳ್ಳೆಯ ಸೊಸೆ ಎಂದು ಸವದತ್ತಿಯ ಬೀಗರ ಮನೆಯವರೆಗೂ ಹೊಗಳಿದ್ದೇನೆ. ಹುಡುಗಿ ಇದನ್ನೆಲ್ಲ ಇದೇ ಪಡಸಾಲೆಯಲ್ಲಿ ಆಡುತ್ತ ನೋಡಿ ಬೆಳೆದದ್ದು.

ನಾನು ತಡಮಾಡುವವಳಲ್ಲ. ಇನ್ನೊಂದು ಪರೀಕ್ಷೆ ಉಳಿದಿತ್ತು. ಕಲಿಸುವುದಿದ್ದರೆ ಈಗಲೇ ಕಲಿಸಬೇಕು.

“ಮಹಾದೇವಿ, ಮುಂದ ಬಾ,” ಎಂದೆ. “ನಿನ್ನ ಮಗಳು ನೋಡಾಕತ್ತಾಳ. ಈಗ ನಾ ನಿನಗ ಚಹಾ ಮಾಡ್ಕೊಂಡ ಬಾ ಅಂತೇನಿ. ನೀ ಆಗೂದಿಲ್ಲ ಅನ್ನು.”

ಅವಳ ಮುಖ ಬಿಳಿಚಿತು. “ಯಾಕ್ರಿ ಅತ್ತಿ, ನನ್ನಿಂದ ಏನ್ ತಪ್ಪಾತ್ರಿ?”

“ತಪ್ಪೇನಿಲ್ಲ. ಅಕಿ ಕಲೀಬೇಕು. ಅನ್ನು.”

“ನಿಮಗ ಹಂಗ ಹ್ಯಾಂಗ ಅನ್ನಲ್ರಿ?”

“ನಾನ ಹೇಳಾಕತ್ತೇನಲ್ಲ, ಅನ್ನು! ಹೂಂ, ಚಹಾ ಮಾಡ್ಕೊಂಡ ಬಾ.”

ಮಹಾದೇವಿ ನನ್ನನ್ನು ನೋಡಿದಳು. ಫೋನಿನಲ್ಲಿದ್ದ ಮಗಳನ್ನು ನೋಡಿದಳು. ಬಾಯಿ ತೆರೆದಳು. ನಾನೂ ಅಕ್ಷತಾಳೂ ಉಸಿರು ಹಿಡಿದುಕೊಂಡೆವು.

“ಆತ್ರಿ ಅತ್ತಿ,” ಎಂದು ಕೈಯ ಹಿಟ್ಟು ಒರೆಸಿಕೊಳ್ಳುತ್ತ ಒಳಗೆ ಹೋದಳು.

ಒಳಗೆ ಒಲೆ ಹೊತ್ತಿದ ಸಪ್ಪಳ ಅಕ್ಷತಾಳಿಗೂ ಕೇಳಿಸಿರಬೇಕು. “ಇಡತೇನಿ ಆಯಿ, ಅಡಗಿಮನಿ ತಿಕ್ಕೂದೈತಿ,” ಎಂದು ಫೋನಿಟ್ಟಳು.

ಚಹಾ ಬಂತು. ನಾನು ಹೇಳದಿದ್ದರೂ ಶುಂಠಿ ಹಾಕಿದ್ದಳು. ಸಕ್ಕರೆ ಒಂದಿಷ್ಟು ಕಡಿಮೆ ಎನಿಸಿತು. ಹೇಳಿದೆ. ತಂದು ಹಾಕಿದಳು.